ಹದಿನೈದನೆಯ ವಿದ್ಯಾರ್ಥಿ

ಬೆಳಿಗ್ಗೆ ಕಾಲೇಜಿನ ಆಫೀಸು ತೆರೆಯುತ್ತಲೇ ಒಬ್ಬ ಹುಡುಗ ಬಂದು ತನ್ನ ಟಿ.ಸಿ. ವಾಪಸ್ಸು ಕೇಳಿದ. ಅವನಿಗೆ ಐ.ಟಿ.ಐ.ಯಲ್ಲಿ ಸೀಟು ಸಿಕ್ಕಿತ್ತಂತೆ. ಗುಮಾಸ್ತರು ಕಪಾಟು ತೆಗೆದು, ಧೂಳು ಜಾಡಿಸಿ, ಅವನ ಕಾಗದಗಳನ್ನು ಅವನ ಕೈಗಿಟ್ಟರು. ಹುಡುಗ ಎಲ್ಲರಿಗೂ ಪೇಢೆ ಹಂಚಿ, ಕಾಲಿಗೆ ನಮಸ್ಕಾರ ಮಾಡಿ ಹೋದ. ನಡೆದದ್ದು ಅಷ್ಟೇ. ಆದರೆ ಇತಿಹಾಸದ ಉಪನ್ಯಾಸಕ ಜಯತೀರ್ಥ ಆಚಾರ್ಯರಿಗೆ ಆ ಪೇಢೆ ಗಂಟಲಲ್ಲೇ ಸಿಕ್ಕಿಕೊಂಡಿತು.

ಹಿರೇಕೆರೂರಿನ ಆ ಖಾಸಗಿ ಕಾಲೇಜಿನಲ್ಲಿ ಆಡಳಿತ ಮಂಡಳಿಯವರು ಆ ವರ್ಷ ಒಂದು ನಿಯಮ ಮಾಡಿದ್ದರು. ಮೊದಲ ವರ್ಷಕ್ಕೆ ಹದಿನೈದು ಮಂದಿ ಸೇರದ ವಿಷಯವನ್ನು ಮುಚ್ಚುವುದು. ಪ್ರವೇಶಕ್ಕೆ ಅಂದೇ ಕೊನೆಯ ದಿನ. ಜಯತೀರ್ಥರು ಬೇಸಿಗೆಯೆಲ್ಲ ಹಳ್ಳಿ ಹಳ್ಳಿ ಸುತ್ತಿ, ಮದುವೆ ಮನೆಗಳಲ್ಲಿ ಬೀಗರ ನಡುವೆ ಕೂತು, ಹೇಗೋ ಹದಿನೈದು ಮಂದಿಯನ್ನು ಗುಡ್ಡೆಹಾಕಿದ್ದರು. ಈಗ ಹರಕು ಚೀಲದಿಂದ ಗೋವಿನಜೋಳದ ಕಾಳು ಉದುರಿದಂತೆ ಒಂದು ಉದುರಿತ್ತು.

ಅವರ ಕೆಲಸ ಸೇರಿದ ದಿನದಿಂದಲೂ ಹಂಗಾಮಿ. ಇವತ್ತು ಖಾಯಂ ಆಗುತ್ತದೆ, ನಾಳೆ ಆಗುತ್ತದೆ ಎಂಬ ಮಾತು ಕೇಳುತ್ತ ಕೇಳುತ್ತ ತಲೆಗೂದಲು ಅರ್ಧ ನೆರೆತು, ಇನ್ನರ್ಧ ಉದುರಿತ್ತು.

"ನೋಡ್ರಿ ಆಚಾರ್ರ," ಎಂದರು ಪ್ರಿನ್ಸಿಪಾಲರು, "ಚೇರಮನ್ ಸಾಹೇಬ್ರು ಖಡಕ್ ಆಗಿ ಹೇಳ್ಯಾರ. ಸಂಜೀ ಐದರೊಳಗ ಇನ್ನೊಬ್ಬಾಂವ ಬರಲಿಲ್ಲಂದ್ರ ನಿಮ್ಮ ಇತಿಹಾಸ ವಿಭಾಗ ಇತಿಹಾಸ ಆಗತೈತಿ!"

ತಮ್ಮ ಮಾತಿಗೆ ತಾವೇ ನಕ್ಕರು. ಪ್ರಿನ್ಸಿಪಾಲರು ನಕ್ಕರೆಂದು ಸ್ಟಾಫ್ ರೂಮೂ ನಕ್ಕಿತು. ಕಾಮರ್ಸಿನ ವಿಜಯೀಂದ್ರ ಮಾತ್ರ ನಗದೆ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು.

"ನಮ್ಮಲ್ಲೆ ಕೂಡಲಿಕ್ಕೆ ಬೆಂಚ್ ಸಾಲವಲ್ವು. ಹುಡುಗೂರು ಕಿಟಕ್ಯಾಗ ಕೂಡ್ತಾವ. ಆದ್ರ ಏನು ಹೇಳಿದ್ರೂ ಒಂದೂ ನಿಮ್ಮ ಕಡೆ ಬರವಲ್ವು. ಹೋಗ್ಲಿ ಬಿಡ್ರಿ, ಕೋರ್ಟ್ ಮುಂದ ಒಂದು ಝೆರಾಕ್ಸ್ ಅಂಗಡಿ ಹಾಕ್ರಿ. ನಿಮಗ ಹಳೇ ಕಾಗದದ ರೂಢಿ ಅದ."

ಆಗ ಗುಮಾಸ್ತರು ಅರ್ಜಿಗಳ ಕಟ್ಟಿನಿಂದ ತಲೆಯೆತ್ತಿದರು. "ಸರ್, ತಿಳವಳ್ಳಿ ಹುಡುಗಿ ಒಬ್ಬಾಕಿ ಅದಾಳ್ರಿ. ಜಯಶ್ರೀ ಅಂತ, ಫಕ್ಕೀರಪ್ಪನ ಮಗಳು. ಇತಿಹಾಸಕ್ಕ ಅರ್ಜಿ ಹಾಕ್ಯಾಳ, ಟಿ.ಸಿ. ಇನ್ನೂ ತಂದಕೊಟ್ಟಿಲ್ಲ. ನರ್ಸಿಂಗ್ ಸೀಟಿನ ದಾರಿ ಕಾಯಾಕತ್ತಾಳಂತ. ಅದರ ರಿಸಲ್ಟ್ ಇವತ್ತ ಮಧ್ಯಾಹ್ನ ಐತಿ. ಅದು ಸಿಗಲಿಲ್ಲಂದ್ರ ನಮ್ಮಲ್ಲೆ ಬರ್ತಾಳ."

ಸಿಗಲಿಲ್ಲಂದ್ರ. ಜಯತೀರ್ಥರು ಆ ಒಂದು ಶಬ್ದವನ್ನು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಟುಗಳ ತುಂಬ ಪುಕ್ಕಟೆ ಟಿಕೀಟಿನ ಹೆಣ್ಣುಮಕ್ಕಳು, ನಡುವೆ ಬುಟ್ಟಿಗಳು, ಬುಟ್ಟಿಗಳ ನಡುವೆ ಪೂರ್ತಿ ಟಿಕೀಟು ಕೊಟ್ಟ ಜಯತೀರ್ಥರು. ತಿಳವಳ್ಳಿಯಲ್ಲಿ ಇಳಿಯುವಾಗ ಅಂಗಿಯ ಒಂದು ಗುಂಡಿ ಬಸ್ಸಿನಲ್ಲೇ ಉಳಿಯಿತು. ಬಗಲಲ್ಲಿ ಚೀಲ, ಕಿಸೆಯಲ್ಲಿ ಪೆನ್ನು, ಮುಖದ ಮೇಲೆ ಆತಂಕ. ಊರಿನವರಿಗೆ ಇನ್ನೇನು ಸಾಕ್ಷಿ ಬೇಕು?

"ಸರ್ವೇದವರು ಬಂದ್ರು!" ಎಂದಿತು ಒಂದು ಕಟ್ಟೆ.

ಬಿಬಿಜಾನ ಎಂಬ ಮುದುಕಿ ದಾರಿಗಡ್ಡ ಬಂದು ನಿಂತಳು. "ಸಾಹೇಬ್ರ, ಹೋದ ಸಲ ನಮ್ಮ ಮನಿ ಬಿಟ್ಟು ಹೋಗೀರಿ. ಮೊದಲ ನನ್ನ ಹೆಸರ ಬರಕೊಳ್ರಿ."

"ನಾನು ಸರ್ವೇದಾಂವ ಅಲ್ಲವ್ವಾ. ಫಕ್ಕೀರಪ್ಪನ ಮನಿ ಎಲ್ಲದ?"

"ಹೋದ ಸಲ ಬಂದಾಂವನೂ ಹಿಂಗ ಅಂದಿದ್ದ. ಮಾತಾಡಿಕೋತ ಹೋಗಿಬಿಟ್ಟ."

ಅನ್ನವ್ವ ಎಂಬ ಇನ್ನೊಬ್ಬಾಕೆ ಗಟಾರದ ದೂರು ತಂದಳು. ಮತ್ತೊಬ್ಬರು ರೇಷನ್ ಕಾರ್ಡು ತಂದರು. ಜಯತೀರ್ಥರು ಅಲ್ಲ ಅಲ್ಲ ಎಂದಷ್ಟೂ ಜನಕ್ಕೆ ಇವರು ಭಾರೀ ದೊಡ್ಡ ಅಧಿಕಾರಿಯೇ ಇರಬೇಕು ಎನಿಸಿತು. ಕಡೆಗೆ ಫಕ್ಕೀರಪ್ಪನ ಮನೆ ಮುಟ್ಟುವ ಹೊತ್ತಿಗೆ ಅವರ ಹಿಂದೆ ವಾಲಗವೊಂದಿಲ್ಲದ ಮೆರವಣಿಗೆಯೇ ಇತ್ತು.

ಫಕ್ಕೀರಪ್ಪ ರಾಶಿ ಮಾಡುವ ಯಂತ್ರದ ಮೇಲೆ ದುಡಿಯುವವನು. ಅಂದು ಕೆಲಸಕ್ಕೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೈಕಟ್ಟಿ ಕೂತು ಮಗಳ ಫೋನನ್ನೇ ನೋಡುತ್ತಿದ್ದ. ಜಯಶ್ರೀ ಜಡೆಯ ತುದಿ ಕಚ್ಚುತ್ತ ಅದರ ಮೇಲೆ ಬೆರಳು ಒತ್ತುತ್ತಲೇ ಇದ್ದಳು. ಪರದೆಯ ಮೇಲೆ ಒಂದು ಚಕ್ರ ಗಾಣದ ಎತ್ತಿನಂತೆ ಸುತ್ತುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಹೋದ ವರ್ಷ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಮನೆಯಲ್ಲೇ ಒಂದು ವರ್ಷ ಕೂತು, ಮತ್ತೆ ಪರೀಕ್ಷೆ ಬರೆದಿದ್ದಳು. ಇದು ಎರಡನೆಯ ಸಲ, ಮೂರನೆಯದು ಇಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದ.

ಇವರು ಕಾಲೇಜಿನ ಜಯತೀರ್ಥ ಆಚಾರ್ಯರು ಎಂದು ತಿಳಿಯುತ್ತಲೇ ಫಕ್ಕೀರಪ್ಪ ಎದ್ದು ನಿಂತ.

"ದೇವರು ಬಂದಂಗ ಬಂದ್ರಿ ಸರ್. ನಮ್ಮ ಫೋನಿನ್ಯಾಗ ತೆರೀವಲ್ದು. ನಿಮ್ಮದ್ರಾಗ ನೋಡ್ರಿ. ಕುಂತ್ರಿ, ಕುಂತ್ರಿ."

ಜಯತೀರ್ಥರು ತಾವು ಬಂದ ಕಾರಣ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗುತ್ತೆವ್ವ, ಹುಡುಗಿಯ ತಾಯಿ, ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಇಟ್ಟವಳು ಎರಡು ಹೆಜ್ಜೆ ಹಿಂದೆ ಸರಿದು ಅಳುಕುತ್ತ ನಿಂತಳು. ಒಳಗಿನ ಗೋಡೆಯ ಮೇಲೆ ಬುದ್ಧನ ಪಟ, ಅಂಬೇಡ್ಕರರ ಪಟ.

"ಆಚಾರ್ರು ನಿಮ್ಮ ಮನ್ಯಾಗ ಉಣ್ತಾರೇನ?" ಎಂದಳು ಅನ್ನವ್ವ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿ.

ಜಯತೀರ್ಥರಿಗೆ ಮನೆಯಲ್ಲಿರುವ ತಾಯಿ ಗೋಪಿಕಾಬಾಯಿ ನೆನಪಾದರು. ಆಮೇಲೆ ಹದಿನಾಲ್ಕು ಎಂಬ ಸಂಖ್ಯೆ ನೆನಪಾಯಿತು. ಸಮಾನತೆಯ ಮೇಲೆ ಪ್ರತಿ ವರ್ಷ ಒಂದು ಗಂಟೆ ಪಾಠ ಮಾಡುತ್ತಿದ್ದವರು ಅಂದು ಮೊದಲ ಸಲ ಪ್ರಯೋಗಕ್ಕೆ ಕೂತು ಎರಡು ರೊಟ್ಟಿ ಮುಗಿಸಿದರು. ಫಕ್ಕೀರಪ್ಪನ ಕಣ್ಣು ತುಂಬಿ ಬಂತು. ರೊಟ್ಟಿ ಯಾತರ ಸಲುವಾಗಿ ಇಳಿಯಿತು ಎಂಬುದು ಜಯತೀರ್ಥರಿಗೆ ಮಾತ್ರ ಗೊತ್ತಿತ್ತು.

"ನೀವು ಉಣ್ಣೂದಿಲ್ಲೇನವಾ?" ಎಂದು ಗುತ್ತೆವ್ವನನ್ನು ಕೇಳಿದರು.

"ಆಕೀದು ತಿಳಿಯೂತನಕ ನೀರೂ ಮುಟ್ಟೂದಿಲ್ಲಂತ ಮಾಡೇನ್ರಿ. ನೀವೂ ಒಂದೀಟು ಬೇಡ್ಕೋರಿ ಸರ್, ನನ್ನ ಮಗಳಿಗೆ ಸಿಗ್ಲಿ ಅಂತ. ನಿಮ್ಮಂಥಾವರು ಬೇಡ್ಕೊಂಡ್ರ ಆಗತೈತಿ."

"ಹೂಂ," ಎಂದರು ಜಯತೀರ್ಥರು.

ಅಲ್ಲಿ ಸೇರಿದ್ದವರೆಲ್ಲ ಸಿಗಲಿ ಸಿಗಲಿ ಎಂದು ಬೇಡುತ್ತಿದ್ದರು. ಸಿಗದಿರಲಿ ಎಂದು ಬೇಡುತ್ತಿದ್ದ ಒಬ್ಬನೇ ಒಬ್ಬನ ಕೈಯಲ್ಲಿ ಫೋನಿತ್ತು. ಜಯಶ್ರೀ ತನ್ನ ನಂಬರು ಹೇಳಿದಳು. ಅವರು ಒತ್ತಿದರು. ಯಾರ ಬೇಡಿಕೆ ದೇವರಿಗೆ ಮುಟ್ಟಿತೋ, ಒಂದೇ ಏಟಿಗೆ ಪುಟ ತೆರೆಯಿತು.

ಜಯಶ್ರೀ ಫಕ್ಕೀರಪ್ಪ. ಬಿ.ಎಸ್ಸಿ. ನರ್ಸಿಂಗ್. ಸರಕಾರಿ ಸೀಟು. ಹುಬ್ಬಳ್ಳಿ.

ಜಯತೀರ್ಥರು ಫೋನನ್ನು ಎದೆಗೆ ಒತ್ತಿಕೊಂಡರು.

"ಏನಾತ್ರಿ?"

"ತೆರೀ... ತೆರೀಲಿಕ್ಕೆ ಒಲ್ಲೆ ಅಂತದ," ಎಂದರು.

ಸುಳ್ಳು ಹೇಳಬೇಕೆಂದು ಅವರೇನೂ ಬಂದಿರಲಿಲ್ಲ. ಅದು ತಾನಾಗಿಯೇ ಹೊರಬಂತು, ಹಾಲು ಉಕ್ಕಿದಂತೆ. ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ ಏನುಪಯೋಗ? ಒಂದು ತಾಸಿನ ಮಾತು, ಎಂದು ಮನಸ್ಸಿಗೆ ಹೇಳಿಕೊಂಡರು. ಐದಕ್ಕೆ ಎಣಿಕೆ ಮುಗಿಯುತ್ತದೆ. ಅಷ್ಟರೊಳಗೆ ಹುಡುಗಿಯ ಹೆಸರು ನಮ್ಮಲ್ಲಿ ದಾಖಲಾದರೆ ಸಾಕು. ನಾಳೆ ಟಿ.ಸಿ. ಕೊಟ್ಟು, ಹುಬ್ಬಳ್ಳಿಗೆ ನಾನೇ ಬಸ್ಸು ಹತ್ತಿಸುತ್ತೇನೆ. ಯಾರಿಗೇನು ನಷ್ಟ?

"ನೆಟ್ ಇಲ್ಲಿ ಬರೂದಿಲ್ರಿ," ಎಂದಳು ಬಿಬಿಜಾನ. "ಎತ್ತರಕ್ಕ ಹತ್ತಬೇಕು. ನನ್ನ ಮೊಮ್ಮಗ ಅಕೀಬ ಮಾಳಗಿ ಮ್ಯಾಲ ಹತ್ತಿ ಮಾತಾಡ್ತಾನ."

"ಹಿತ್ತಲದಾಗ ಬಣವಿ ಐತಲ್ಲ!" ಎಂದಳು ಅನ್ನವ್ವ. "ಮಾಳಗಿಗಿಂತ ಎತ್ತರ ಐತಿ."

"ಬ್ಯಾಡ್ರಿ, ನಾನು..." ಎನ್ನುತ್ತಿರುವಾಗಲೇ ನಾಲ್ಕು ಕೈಗಳು ಜಯತೀರ್ಥರನ್ನು ಹಿತ್ತಲಿಗೆ ದಬ್ಬಿದವು, ಎರಡು ಕೈಗಳು ಏಣಿ ಹಚ್ಚಿದವು, ಒಂದು ಹೆಗಲು ಅವರನ್ನು ಕೆಳಗಿನಿಂದ ಎತ್ತಿತು. ಮರುಕ್ಷಣ ಇತಿಹಾಸದ ಉಪನ್ಯಾಸಕರು ಭತ್ತದ ಹುಲ್ಲಿನ ಬಣವೆಯ ನೆತ್ತಿಯ ಮೇಲೆ, ಕಾಗೆ ಬೆದರಿಸಲು ನಿಲ್ಲಿಸಿದ ಬೆದರುಗೊಂಬೆಯಂತೆ, ಫೋನು ಹಿಡಿದ ಕೈಯನ್ನು ಆಕಾಶಕ್ಕೆ ಚಾಚಿ ನಿಂತಿದ್ದರು. ರಿಸಲ್ಟು ಆ ಕೈಯಲ್ಲೇ ಇತ್ತು.

"ಬಂತೇನ್ರಿ?"

"ಇಲ್ಲ."

"ಬಲಕ್ಕ ತಿರಗ್ರಿ!"

ತಿರುಗಿದರು.

"ಇನ್ನೊಂದೀಟ ಕೈ ಎತ್ರಿ!"

ಎತ್ತಿದರು. ಹುಲ್ಲು ಕಾಲರಿನೊಳಗೆ ಇಳಿದು ಬೆನ್ನೆಲ್ಲ ಕಡಿಯತೊಡಗಿತು. ತುರಿಸಿಕೊಂಡರೆ ಬೀಳುವ ಭಯ. ಕೆಳಗೆ ಜನ ಕತ್ತು ಎತ್ತಿ, ಗುಡಿಯ ಕಳಸ ನೋಡಿದಂತೆ ನೋಡುತ್ತಿದ್ದರು.

"ಜಯಶ್ರೀ," ಎಂದರು ಕಡೆಗೆ, ಮೇಲಿನಿಂದಲೇ, "ಇದು ಇವತ್ತ ತೆರೀಲಿಕ್ಕಿಲ್ಲವಾ. ಐದರೊಳಗ ನಮ್ಮಲ್ಲೆ ಹೆಸರು ಹಚ್ಚಿಬಿಡು. ನಾಳೆ ಅದು ಸಿಕ್ತಂದ್ರ ಟಿ.ಸಿ. ತಿರುಗಿ ಕೊಡೋಣಂತ. ಎರಡೂ ಕಡೆ ತಪ್ಪಿದ್ರ ಏನು ಮಾಡ್ತಿ?"

"ಆಚಾರ್ರು ಹೇಳೂದು ಖರೆ ಐತಿ," ಎಂದಳು ಅನ್ನವ್ವ. "ತಾಟಿನ್ಯಾಗಿನ ರೊಟ್ಟಿ ಬಿಟ್ಟು ಹೊಲದಾಗಿನ ತೆನಿ ನೋಡಬಾರದು."

ಫಕ್ಕೀರಪ್ಪ ಮಗಳ ಮುಖ ನೋಡಿದ. ಮಗಳು ಮೇಲೆ ನೋಡಿದಳು.

"ಇತಿಹಾಸ ಓದಿದ್ರ ಏನ ಆಗಬಹುದ್ರಿ ಸರ್?"

"ಓದಿದ್ರ... ನನ್ಹಂಗ ಆಗಬಹುದು," ಎಂದುಬಿಟ್ಟರು ಜಯತೀರ್ಥರು, ಬಾಯಿತಪ್ಪಿ.

ತಲೆಯಲ್ಲಿ ಹುಲ್ಲು, ಗುಂಡಿಯಿಲ್ಲದ ಅಂಗಿ, ಆಕಾಶಕ್ಕೆ ಎತ್ತಿದ ಕೈ. ಹುಡುಗಿ ಅವರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಟಿ.ಸಿ. ತಂದಳು. ಏಣಿಯ ಎರಡು ಮೆಟ್ಟಿಲು ಹತ್ತಿ ಮೇಲಕ್ಕೆ ಚಾಚಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಜಯತೀರ್ಥರಿಗೆ ಹಗುರವಾಗುತ್ತಿತ್ತು. ಅವಳ ಮುಖ ಆಗಲೇ ಒಗೆದು ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು.

ಬೇಡ, ಹೇಳಿಬಿಡು, ಎಂದಿತು ಮನಸ್ಸು. ಕೈ ಮಾತ್ರ ಟಿ.ಸಿ.ಯ ಕಡೆಗೆ ಬಾಗಿತು. ಮನಸ್ಸು ಒಂದು ಕಡೆ, ಕೈ ಒಂದು ಕಡೆ ಹೋದರೆ ಕಾಲು ಯಾರ ಮಾತು ಕೇಳಬೇಕು? ಅದು ಜಾರಿತು. ಜಯತೀರ್ಥರು ಒಂದು ಹೊರೆ ಹುಲ್ಲಿನ ಸಮೇತ ಗೊಬ್ಬರದ ಗುಂಡಿಯ ಪಕ್ಕಕ್ಕೆ ಬಂದು ಬಿದ್ದರು. ಫೋನು ಹಾರಿ, ಆಗ ತಾನೇ ಹಿತ್ತಲಿಗೆ ಬಂದ ಒಬ್ಬನ ಕಾಲ ಬಳಿ ಬಿತ್ತು.

ಅವನು ಗುತ್ತೆವ್ವನ ತಮ್ಮ ದುರ್ಗೇಶ. ಅಕ್ಕನ ಮನೆಯಲ್ಲೇ ಇದ್ದುಕೊಂಡು ಹಿರೇಕೆರೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ರಿಸಲ್ಟು ಕೇಳಲು ಅರ್ಧ ದಿನ ರಜೆ ಹಾಕಿ ಬಂದಿದ್ದ. ಫೋನು ಎತ್ತಿ ನೋಡಿದ.

"ಸಿಕ್ಕೈತಿ! ಅಕ್ಕಾ, ಸಿಕ್ಕೈತಿ! ಹುಬ್ಬಳ್ಳ್ಯಾಗ ಸರಕಾರಿ ಸೀಟು!"

ಹಿತ್ತಲೆಲ್ಲ ಕೇಕೆಯೆದ್ದಿತು. ಗುತ್ತೆವ್ವ ಮಗಳನ್ನು ಅಪ್ಪಿಕೊಂಡು ಅತ್ತಳು. ಬಿಬಿಜಾನ ಹುಡುಗಿಯ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಬಿದ್ದವರನ್ನು ಎತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಡೆಗೆ ಜಯಶ್ರೀಯೇ ಓಡಿ ಬಂದು, ಸೆಗಣಿಯಾದ ಅವರ ಪಾದ ಮುಟ್ಟಿ ನಮಸ್ಕರಿಸಿದಳು.

"ನಿಮ್ಮ ಕೈಗುಣ ಸರ್. ನಾ ಎಂದೂ ಮರಿಯಂಗಿಲ್ಲ."

ಜಯತೀರ್ಥರಿಗೆ ಗೊಬ್ಬರದ ಗುಂಡಿ ಇನ್ನೂ ಎರಡು ಮಾರು ಆಳವಿದ್ದು, ತಾವು ಅದರೊಳಗೇ ಬಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಹಿತ್ತಲ ಬಚ್ಚಲ ಹತ್ತಿರ ಕಾಲು ತೊಳೆಯುವಾಗ ದುರ್ಗೇಶ ನೀರು ಹಾಕಲು ಬಂದ. ತಂಬಿಗೆ ಬಗ್ಗಿಸುತ್ತ ಸಣ್ಣ ದನಿಯಲ್ಲಿ ಹೇಳಿದ:

"ಸರ್, ನಮ್ಮ ಹಿತ್ತಲದಾಗ ನೆಟ್ ಬರೂದ ಇಲ್ರಿ. ಬಣವಿ ಹತ್ರಿ, ಗಿಡಾ ಹತ್ರಿ, ಒಂದು ಕಡ್ಡಿ ಸೈತ ಬರೂದಿಲ್ಲ. ಬರೂದು ಮುಂದಿನ ಕಟ್ಟಿ ಮ್ಯಾಲ ಅಷ್ಟ. ಆ ಪೇಜು ಅಲ್ಲೇ ತೆರದದ್ದು. ಹೌದಲ್ರೀ?"

ಜಯತೀರ್ಥರು ಸಾಬೂನು ಕೆಳಗಿಟ್ಟರು. ಅವರು ಅಲ್ಲಿಯೇ, ಒದ್ದೆ ಕಾಲಲ್ಲಿ ನಿಂತು, ಎಲ್ಲ ಹೇಳಿಬಿಟ್ಟರು. ಹದಿನೈದು, ಹದಿನಾಲ್ಕು, ಐದು ಗಂಟೆ, ಚೇರಮನ್ನರು. ದುರ್ಗೇಶ ಗಿರಾಕಿಯ ಕೆಟ್ಟ ಫೋನು ನೋಡುವಂತೆ ಅವರನ್ನು ಹಿಂದುಮುಂದು ನೋಡಿದ.

"ಪಿಯುಸಿ ಪಾಸಾದ ಯಾರಾದ್ರೂ ನಡೀತೈತೇನ್ರಿ?"

"ನಡೀತದ."

"ವಯಸ್ಸು?"

"ವಯಸ್ಸಿಗೆ ಯಾರು ಕೇಳ್ತಾರ?"

"ಹಂಗಾರ ನಾ ಬರ್ತೇನಿ. ಟಿ.ಸಿ. ಟ್ರಂಕಿನ್ಯಾಗ ಐತಿ, ಈಟೂ ಮಾಸಿಲ್ಲ. ನನಗ ಕಾಲೇಜಿನ ಬಸ್ ಪಾಸ್ ಬೇಕ್ರಿ. ದಿನಾ ಹಿರೇಕೆರೂರಿಗೆ ಹೋಗಿಬರ್ತೇನಿ. ಹೆಣ್ಮಕ್ಕಳಿಗೆ ಪುಕ್ಕಟೆ, ಹುಡುಗ್ರಿಗೆ ಪಾಸು, ನನ್ನಂಥಾವ್ರಷ್ಟ ಪೂರಾ ಟಿಕೀಟು. ಆದ್ರ ಒಂದು ಮಾತು. ನಾ ಕ್ಲಾಸಿಗೆ ಬರಂಗಿಲ್ಲ. ಹಾಜರಿ ನೀವ ಹಾಕ್ಕೋಬೇಕು. ನೀವು ಹಾಜರಿ ನೋಡ್ಕೋರಿ, ನಾ ಬಾಯಿ ನೋಡ್ಕೋತೇನಿ."

ಹಾಜರಿಯ ವಿಷಯದಲ್ಲಿ ಇಡೀ ಕಾಲೇಜಿನಲ್ಲಿ ಕಟ್ಟುನಿಟ್ಟು ಎಂದು ಹೆಸರಾದವರು ಜಯತೀರ್ಥರು. ಒಂದು ಬಣವೆ ಹತ್ತಿ ಇಳಿಯುವುದರೊಳಗೆ ಮನುಷ್ಯ ಎಷ್ಟು ಮೃದುವಾಗಬಲ್ಲ ಎಂದು ಅವರಿಗೇ ಆಶ್ಚರ್ಯವಾಯಿತು. "ಆತು, ನಡೀ," ಎಂದರು.

ಅಕೀಬನ ಬೈಕು ಕೇಳಿ ತಂದು ಇಬ್ಬರೂ ಹೊರಟರು. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು, ಪೆಟ್ರೋಲು ಮುಗಿಯುವಂತಾಯಿತು, ಒಂದು ಕಡೆ ರಸ್ತೆ ಅಗೆದಿದ್ದರು. ಪ್ರತಿ ತಗ್ಗಿಗೂ ಜಯತೀರ್ಥರು ಹಿಂದಿನ ಸೀಟಿನಿಂದ ಒಂದು ಗೇಣು ಮೇಲೆ ಹಾರಿ, ಒಂದು ದೇವರ ಹೆಸರು ಹೇಳಿ, ಕೆಳಗೆ ಬೀಳುತ್ತಿದ್ದರು. ಗುಮಾಸ್ತರು ಕಪಾಟಿಗೆ ಬೀಗ ಹಾಕಲು ಕೀಲಿಕೈ ಹುಡುಕುತ್ತಿದ್ದಾಗ ಸೆಗಣಿ ವಾಸನೆಯ ಉಪನ್ಯಾಸಕರೂ, ಮೀಸೆ ಬಲಿತ ವಿದ್ಯಾರ್ಥಿಯೂ ಒಳಗೆ ನುಗ್ಗಿದರು.

"ಯಾರ ಹೆಸರ ಬರೀಲ್ರಿ? ಮಗಂದೋ?" ಎಂದರು ಗುಮಾಸ್ತರು ದುರ್ಗೇಶನನ್ನು ನೋಡಿ.

"ನಂದ ಬರೀರಿ," ಎಂದ ದುರ್ಗೇಶ.

ಹೆಸರು ದಾಖಲಾಯಿತು. ಹದಿನೈದು. ಜಯತೀರ್ಥರು ಬೆಂಚಿನ ಮೇಲೆ ಕುಸಿದು ಕೂತರು. ಪ್ರಿನ್ಸಿಪಾಲರು ಓಡಿ ಬಂದು ಕೈಕುಲುಕಿದರು. "ಶಾಬ್ಬಾಶ್ ಆಚಾರ್ರ! ಚೇರಮನ್ ಸಾಹೇಬ್ರು ಬೆಳಗಿಂದ ನಾಕ ಸಲ ಫೋನ್ ಮಾಡ್ಯಾರ, ಇತಿಹಾಸದ್ದು ಏನಾತು, ಇತಿಹಾಸದ್ದು ಏನಾತು ಅಂತ. ಈಗ ಇಲ್ಲೇ ಬಂದಾರ. ನಿಮ್ಮನ್ನ ಕರ್ಯಾಕತ್ತಾರ, ಬರ್ರಿ."

ಚೇರಮನ್ನರು ತಮ್ಮ ವಿಷಯಕ್ಕಾಗಿ ಇಷ್ಟು ಚಡಪಡಿಸಿದ್ದು ಕೇಳಿ ಜಯತೀರ್ಥರ ಎದೆ ತುಂಬಿತು. ತಲೆಯಲ್ಲಿದ್ದ ಹುಲ್ಲಿನ ಕಡ್ಡಿ ತೆಗೆದು, ಗುಂಡಿಯಿಲ್ಲದ ಜಾಗವನ್ನು ಕೈಯಿಂದ ಮುಚ್ಚಿಕೊಂಡು ಒಳಗೆ ಹೋದರು.

ಚೇರಮನ್ನರು ಎದ್ದು ನಿಂತರು! ತಮ್ಮ ಕೈಯಿಂದಲೇ ಪೇಢೆ ಕೊಟ್ಟರು. "ಆಚಾರ್ರ, ಬಾಳ ದೊಡ್ಡ ಉಪಕಾರ ಮಾಡಿದ್ರಿ. ನನ್ನ ನಿಯಮ ನಾನ ಮುರಿಯಾಕ ಬರತಿದ್ದಿಲ್ಲ. ವಿಭಾಗ ಮುಚ್ಚಿದ್ರ ಏನ ಮಾಡೂದು ಅಂತ ನಿದ್ದಿ ಇದ್ದಿಲ್ಲ ನಮ್ಮ ಮನ್ಯಾಗ."

"ನಿಮ್ಮ ಮನಿಯೊಳಗ..?"

"ಹೌದ್ರಿ ಮತ್ತ! ಈಕಿ ಪ್ರಿಯಂವದಾ, ನಮ್ಮ ಸೊಸಿ." ಮೂಲೆಯ ಕುರ್ಚಿಯಲ್ಲಿದ್ದ ಹೆಣ್ಣುಮಗಳು ಫೋನಿನಿಂದ ತಲೆಯೆತ್ತಿ ನಮಸ್ಕಾರ ಮಾಡಿದಳು. "ಇತಿಹಾಸದಾಗ ಪಿಎಚ್.ಡಿ. ಮುಗಿಸ್ಯಾಳ. ನಾಳಿಂದ ನಮ್ಮಲ್ಲೆ. ವಿಭಾಗಾನ ಇರಲಿಲ್ಲಂದ್ರ ಆಕಿನ್ನ ಎಲ್ಲಿ ತುಗೋಬೇಕಿತ್ತು, ನೀವ ಹೇಳ್ರಿ?"

ಪೇಢೆ ಬಾಯಿಯಲ್ಲಿ ಅರ್ಧ, ಕೈಯಲ್ಲಿ ಅರ್ಧ ಉಳಿಯಿತು.

"ಮತ್ತ... ನಾನು?"

"ಹದಿನೈದ ಹುಡುಗ್ರಿಗೆ ಇಬ್ಬರು ಮಾಸ್ತರ್ ಯಾಕ್ರಿ ಆಚಾರ್ರ?" ಎಂದರು ಚೇರಮನ್ನರು, ಅತ್ಯಂತ ಪ್ರೀತಿಯಿಂದ. "ಇಷ್ಟ ವರ್ಷ ದುಡದೀರಿ, ಆರಾಮ ಮಾಡ್ರಿ. ಹಾಂ, ನಿಮ್ಮ ನೋಟ್ಸ್ ಅಷ್ಟೂ ಆಕಿಗೆ ಕೊಟ್ಟಬಿಡ್ರಿ. ಹೊಸಾ ಹುಡುಗಿ, ಪಾಪ."

ಜಯತೀರ್ಥರು ಹೊರಗೆ ಬಂದಾಗ ಐದು ಇನ್ನೂ ಹೊಡೆದಿರಲಿಲ್ಲ. ಮೆಟ್ಟಿಲ ಮೇಲೆ ನಿಂತವರಿಗೆ ಒಮ್ಮೆಲೇ ಒಂದು ಲೆಕ್ಕ ಹೊಳೆಯಿತು. ಹದಿನೈದರಲ್ಲಿ ಒಂದು ಹೋದರೆ ಹದಿನಾಲ್ಕು! ಜೀವಮಾನದಲ್ಲಿ ಎಂದೂ ಓಡದ ಹಾಗೆ ಗೇಟಿನ ಕಡೆಗೆ ಓಡಿದರು. ದುರ್ಗೇಶ ಬೈಕಿಗೆ ಒರಗಿ, ಪಾಸಿಗಾಗಿ ಗುಮಾಸ್ತರು ಬರೆದುಕೊಟ್ಟ ಸರ್ಟಿಫಿಕೇಟನ್ನು ಬಿಸಿಲಿಗೆ ಹಿಡಿದು ಓದುತ್ತಿದ್ದ.

"ದುರ್ಗೇಶಾ, ಟಿ.ಸಿ. ವಾಪಸ್ ತುಗೋ! ಈಗಿಂದೀಗ ತುಗೋ! ನನ್ನ ಮಾತು ಕೇಳು, ನಿನಗ ಕೈ ಮುಗೀತೀನಿ."

"ಯಾಕ್ರಿ ಸರ್? ಈಗ ತಾನ ಕರಕೊಂಡು ಬಂದ್ರಿ!"

ಜಯತೀರ್ಥರು ಉಸಿರು ಬಿಡುತ್ತ, ಅರ್ಧಂಬರ್ಧ ಮಾತಿನಲ್ಲಿ ಎಲ್ಲವನ್ನೂ ಹೇಳಿದರು. ದುರ್ಗೇಶ ಪೂರಾ ಕೇಳಿಸಿಕೊಂಡ. ಅವನಿಗೆ ನಿಜವಾಗಿಯೂ ಕೆಟ್ಟದೆನಿಸಿತು. ಸರ್ಟಿಫಿಕೇಟನ್ನು ಜಾಗ್ರತೆಯಿಂದ ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ.

"ತಪ್ಪ ತಿಳಕೋಬ್ಯಾಡ್ರಿ ಸರ್. ಗುಮಾಸ್ತರು ಈಗ ಅದ ಹೇಳಿದ್ರು. ಹೊಸಾ ಮೇಡಂ ದಾವಣಗೇರ್ಯಾಗ ಇರ್ತಾರಂತ. ವಾರಕ್ಕ ಒಂದ ದಿನ ಬಂದು ಸಹಿ ಮಾಡಿ ಹೋಗ್ತಾರಂತ. ಮೇಡಂನ ಬರೂದಿಲ್ಲಂದ್ರ ನನ್ನ ಹಾಜರಿ ಯಾರು ಕೇಳ್ತಾರ್ರಿ? ನೀವು ಇದ್ದಿದ್ರ ಎಂದಾದ್ರೂ ಒಂದಿನ ನಿಮಗ ಮನಸಿಗೆ ಹತ್ತಿ ಕ್ಲಾಸಿಗೆ ಬಾ ಅಂತಿದ್ರಿ."

ಬೈಕು ಚಾಲೂ ಮಾಡಿ, ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿದ.

"ಬರ್ರಿ ಸರ್, ಹತ್ರಿ. ಮನೀ ತನಕ ಬಿಟ್ಟು ಬರ್ತೇನಿ. ನೀವು ಈಗ ನಡಕೊಂಡು ಹೋಗೂದು ಚೊಲೋ ಕಾಣೂದಿಲ್ಲ."

ಜಯತೀರ್ಥರು ಹತ್ತಿ ಕೂತರು.